ಏರಿನ ಮೇಲೆ ಎಷ್ಟು ವ್ಯಾಟ್? ಪರ್ವತದ ಹಂತಗಳಲ್ಲಿ ಸೈಕಲ್ ಸವಾರರ ಶಕ್ತಿ ಅಳೆಯುವ ಲೆಕ್ಕ

ಕಲಬುರಗಿಯಲ್ಲಿ ಸೈಕಲ್ ಸವಾರರಿಗೂ ವಿಜ್ಞಾನದ ವಿದ್ಯಾರ್ಥಿಗಳಿಗೂ ನೀಡಿದ ಉಪನ್ಯಾಸದ ಬರಹ ರೂಪ.

ಎಲ್ಲರಿಗೂ ನಮಸ್ಕಾರ. 2024ರ ಜುಲೈ 14ರಂದು ಟೂರ್ ಡಿ ಫ್ರಾನ್ಸ್‌ನ 15ನೇ ಹಂತ ಪಿರಿನೀಸ್ ಪರ್ವತದ ಪ್ಲಾತೊ ದ ಬೇಯ್ ತುದಿಯಲ್ಲಿ ಮುಗಿಯಿತು. ಸವಾರರು ಆ ದಿನ 197.7 ಕಿ.ಮೀ. ತುಳಿದಿದ್ದರು, ಹಂತದಲ್ಲಿ ಒಟ್ಟು 4,800 ಮೀಟರಿನಷ್ಟು ಏರಿಕೆ ಇತ್ತು. ಕೊನೆಯ ಏರು 15.8 ಕಿ.ಮೀ. ಉದ್ದ, ಸರಾಸರಿ ಶೇ. 7.9, ಅಂದರೆ 100 ಮೀಟರಿಗೆ 7.9 ಮೀಟರ್ ಏರಿಕೆ. ಅದನ್ನು ತಾದೇಯ್ ಪೊಗಾಚಾರ್ ಹತ್ತಿರಹತ್ತಿರ 40 ನಿಮಿಷದಲ್ಲಿ ಹತ್ತಿದರು. 1998ರಲ್ಲಿ ಮಾರ್ಕೊ ಪಂತಾನಿ ಅದೇ ಏರಿಗೆ ತೆಗೆದುಕೊಂಡ ಸಮಯಕ್ಕಿಂತ ಇದು ಮೂರು ನಿಮಿಷಕ್ಕೂ ಮೀರಿ ಕಡಿಮೆ. ಕೆಲವೇ ಗಂಟೆಗಳಲ್ಲಿ ದೇಹತೂಕದ ಕೆ.ಜಿ.ಗೆ 7 ವ್ಯಾಟ್ ಆಸುಪಾಸಿನ ಸಂಖ್ಯೆಗಳು ಎಲ್ಲೆಡೆ ಹರಿದಾಡಿದವು.

ಸವಾರನ ಸೈಕಲ್ಲಿನಲ್ಲಿ ಅವನು ಹಾಕುವ ಶಕ್ತಿಯನ್ನು ಅಳೆಯುವ ಪವರ್ ಮೀಟರ್ ಇರುತ್ತದೆ, ಆದರೆ ಅದರಲ್ಲಿ ಏನು ಬಂತು ಅನ್ನುವುದನ್ನು ಮುಂಚೂಣಿಯ ಸವಾರರ ತಂಡಗಳು ಸಾಮಾನ್ಯವಾಗಿ ಹೊರಗೆ ಬಿಡುವುದಿಲ್ಲ. ಹಾಗಿದ್ದರೆ ಟಿವಿ ಮುಂದೆ ಕೂತವರಿಗೆ ಈ ಸಂಖ್ಯೆ ಎಲ್ಲಿಂದ ಸಿಕ್ಕಿತು? ಪಿಯುಸಿ ಭೌತಶಾಸ್ತ್ರ ಗೊತ್ತಿದ್ದವರು ಯಾರಾದರೂ ಈ ಲೆಕ್ಕ ಮಾಡಬಹುದು. ಕಷ್ಟ ಇರುವುದು ಲೆಕ್ಕದೊಳಗೆ ಹಾಕುವ ಸಂಖ್ಯೆಗಳಲ್ಲಿ. ಯಾವ ಸಂಖ್ಯೆ ಎಷ್ಟು ತಪ್ಪಿದರೆ ಉತ್ತರ ಎಷ್ಟು ಅಲುಗುತ್ತದೆ ಎಂಬುದೇ ಇವತ್ತಿನ ಮಾತು. ಉತ್ತರದ ಪಕ್ಕದಲ್ಲಿ ಹೆಚ್ಚು-ಕಡಿಮೆ ಎಷ್ಟು ಅಂತ ಬರೆಯದೆ ಬರೀ ವ್ಯಾಟ್ ಹೇಳಿದರೆ ಅದನ್ನು ಅಂದಾಜು ಅನ್ನಲು ನಾನು ಒಪ್ಪುವುದಿಲ್ಲ.

ಏರು ಹತ್ತುವ ಸವಾರನ ಶಕ್ತಿ ಮೂರು ಕಡೆ ಖರ್ಚಾಗುತ್ತದೆ. ಮೊದಲನೆಯದು ಗುರುತ್ವ: ತಾನೂ ಸೈಕಲ್ಲೂ ಸೇರಿದ ತೂಕವನ್ನು ಮೇಲೆ ಎತ್ತಬೇಕು. ಎರಡನೆಯದು ಟೈರು ರಸ್ತೆಗೆ ಒತ್ತಿ ಉರುಳುವಾಗಿನ ಘರ್ಷಣೆ. ಮೂರನೆಯದು ಗಾಳಿಯ ತಡೆ. ಇವುಗಳ ಮೊತ್ತ ಹಿಂದಿನ ಗಾಲಿಗೆ ಬೇಕಾದ ಶಕ್ತಿ. ಪೆಡಲಿನಿಂದ ಗಾಲಿಗೆ ಬರುವಷ್ಟರಲ್ಲಿ ಚೈನು, ಬೇರಿಂಗುಗಳು ಶೇ. 2-3ರಷ್ಟು ತಿನ್ನುತ್ತವೆ, ಅದಕ್ಕೆ ಮೊತ್ತವನ್ನು 0.975ರಿಂದ ಭಾಗಿಸುತ್ತೇವೆ. ಈ ಮಾದರಿಯನ್ನು 1998ರಲ್ಲಿ ಜೇಮ್ಸ್ ಮಾರ್ಟಿನ್ ಮತ್ತು ಜೊತೆಗಾರರು ಪವರ್ ಮೀಟರ್ ಇಟ್ಟು ಪರೀಕ್ಷಿಸಿ ಪ್ರಕಟಿಸಿದರು. ಸೂತ್ರ ಸರಿ ಇದೆ ಅನ್ನುವುದರಲ್ಲಿ ಇವತ್ತು ತಕರಾರಿಲ್ಲ.

ಪ್ಲಾತೊ ದ ಬೇಯ್ ಲೆಕ್ಕವನ್ನೇ ಮಾಡಿಬಿಡೋಣ. 15.8 ಕಿ.ಮೀ.ಗೆ ಶೇ. 7.9 ಅಂದರೆ ಏರಿಕೆ ಸುಮಾರು 1,250 ಮೀ. ಸಮಯ 40 ನಿಮಿಷ, ಅಂದರೆ 2,400 ಸೆಕೆಂಡ್. ವೇಗ ಸೆಕೆಂಡಿಗೆ 6.58 ಮೀ., ಗಂಟೆಗೆ 23.7 ಕಿ.ಮೀ. ಸವಾರ 65 ಕೆ.ಜಿ. ಅಂತ ಇಟ್ಟುಕೊಳ್ಳೋಣ, ಸೈಕಲ್, ಶೂ, ಹೆಲ್ಮೆಟ್, ಬಟ್ಟೆ, ನೀರಿನ ಬಾಟಲಿ ಎಲ್ಲ ಸೇರಿ 9 ಕೆ.ಜಿ. ಒಟ್ಟು 74.

ಗುರುತ್ವಕ್ಕೆ 74 × 9.81 × 1250 ÷ 2400, ಅಂದರೆ 378 ವ್ಯಾಟ್. ಉರುಳು ಘರ್ಷಣೆಯ ಗುಣಾಂಕ 0.004 ಎಂದು ಹಿಡಿದರೆ 19 ವ್ಯಾಟ್. ಗಾಳಿಗೆ ಮೊದಲು ಅದರ ಸಾಂದ್ರತೆ ಬೇಕು. ಏರಿನ ನಡುಮಧ್ಯ ಸಮುದ್ರಮಟ್ಟದಿಂದ ಸುಮಾರು 1,150 ಮೀ. ಎತ್ತರದಲ್ಲಿದೆ, ತಾಪಮಾನ 25 ಡಿಗ್ರಿ ಎಂದುಕೊಂಡರೆ ಘನ ಮೀಟರಿಗೆ 1.03 ಕೆ.ಜಿ. ಸವಾರ ಗಾಳಿಗೆ ಒಡ್ಡುವ ಪರಿಣಾಮಕಾರಿ ವಿಸ್ತೀರ್ಣ, ಅಂದರೆ ಬಲ್ಲವರು ಸಿಡಿಎ ಅನ್ನುವುದು, ಏರಿನಲ್ಲಿ ಬ್ರೇಕಿನ ಹಿಡಿಕೆ ಹಿಡಿದು ಕೂತವನಿಗೆ 0.32 ಚದರ ಮೀ. ಆಸುಪಾಸು. ಅರ್ಧ × 1.03 × 0.32 × 6.58ರ ಘನ, ಒಟ್ಟು 47 ವ್ಯಾಟ್. ಮೂರನ್ನೂ ಕೂಡಿದರೆ 444, 0.975ರಿಂದ ಭಾಗಿಸಿದರೆ 455. ಅದನ್ನು 65ರಿಂದ ಭಾಗಿಸಿದರೆ ಕೆ.ಜಿ.ಗೆ ಸರಿಯಾಗಿ 7.0 ವ್ಯಾಟ್.

ಸುದ್ದಿಯಲ್ಲಿ ಬಂದ ಸಂಖ್ಯೆಗೂ ನಮ್ಮದಕ್ಕೂ ತಾಳೆ ಆಯಿತು ಅಂತ ಇಲ್ಲಿಗೆ ನಿಲ್ಲಿಸಿದರೆ ಮೋಸ ಹೋದಂತೆ. ಈ ಲೆಕ್ಕದಲ್ಲಿ ಗಾಳಿ ಬೀಸಲೇ ಇಲ್ಲ, ಸವಾರ ಇಡೀ ಏರನ್ನು ಒಬ್ಬನೇ ಹತ್ತಿದ ಎಂದು ನಾವು ಸದ್ದಿಲ್ಲದೆ ಒಪ್ಪಿಕೊಂಡಿದ್ದೇವೆ. ಎರಡೂ ನಿಜವಲ್ಲ.

ಅಲ್ಲಿಗೆ ಹೋಗುವ ಮುಂಚೆ ಒಂದು ಅಡ್ಡದಾರಿಯ ಮಾತು. ಇಟಲಿಯ ವೈದ್ಯ ಮಿಕೇಲೆ ಫೆರಾರಿ ಚಾಲ್ತಿಗೆ ತಂದ ಅಳತೆ ವಿಎಎಂ. ಗಂಟೆಗೆ ಎಷ್ಟು ಮೀಟರ್ ಎತ್ತರ ಗಳಿಸಿದ ಅನ್ನುವುದಷ್ಟೇ ಅದು. ಇಲ್ಲಿ 40 ನಿಮಿಷಕ್ಕೆ 1,250 ಮೀ., ಹಾಗಾಗಿ 1,875. ಏರಿನ ಶೇಕಡಾವನ್ನು ಹತ್ತರಿಂದ ಗುಣಿಸಿ 200 ಕೂಡಿಸಿ, ಆ ಮೊತ್ತದಿಂದ ವಿಎಎಂ ಭಾಗಿಸಿದರೆ ಕೆ.ಜಿ.ಗೆ ವ್ಯಾಟ್ ಸಿಗುತ್ತದೆ: 1875 ÷ 279, ಅಂದರೆ 6.7. ಉದ್ದೀಪನ ಮದ್ದಿನ ಪ್ರಕರಣದಲ್ಲಿ ಫೆರಾರಿಗೆ 2012ರಲ್ಲಿ ಆಜೀವ ನಿಷೇಧ ಬಿತ್ತು, ಆದರೆ ಸೂತ್ರ ಉಳಿದುಕೊಂಡಿದೆ, ಯಾಕೆಂದರೆ ಕೈಲೆಕ್ಕಕ್ಕೆ ಅದಕ್ಕಿಂತ ಸುಲಭದ್ದು ಇಲ್ಲ. ಗಾಳಿ, ತೂಕ, ರಸ್ತೆ ಎಲ್ಲದಕ್ಕೂ ಒಂದೊಂದು ಸರಾಸರಿಯನ್ನು ಅದು ತನ್ನೊಳಗೇ ನುಂಗಿಕೊಂಡಿದೆ. ಟಿವಿ ನೋಡುತ್ತಾ ಅಂದಾಜಿಸಲು ಸಾಕು, ವಾದ ಮಾಡಲು ಸಾಲದು.

ಎಲ್ಲ ಏರುಗಳೂ ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ಈಗ ಮಾಡಿದ ಲೆಕ್ಕದಲ್ಲಿ ಗುರುತ್ವದ ಪಾಲು ಶೇ. 85. ಗುರುತ್ವಕ್ಕೆ ಬೇಕಾದ್ದು ತೂಕ, ಎತ್ತರ, ಸಮಯ ಮಾತ್ರ; ಮೂರನ್ನೂ ಹೊರಗಿನಿಂದಲೇ ಚೆನ್ನಾಗಿ ತಿಳಿಯಬಹುದು. ಅದೇ ಸವಾರ ಅದೇ ಶಕ್ತಿಯಲ್ಲಿ ಶೇ. 4ರ ಏರು ಹತ್ತಿದರೆ ವೇಗ ಗಂಟೆಗೆ 34 ಕಿ.ಮೀ.ಗೆ ಏರುತ್ತದೆ, ಗುರುತ್ವದ ಪಾಲು ಶೇ. 62ಕ್ಕೆ ಇಳಿಯುತ್ತದೆ, ಗಾಳಿಯ ಪಾಲು ಮೂರರಲ್ಲಿ ಒಂದಾಗುತ್ತದೆ. ಗಾಳಿಯ ಪಾಲು ಬೆಳೆದಷ್ಟೂ ನಮಗೆ ತಿಳಿಯದ್ದರ ಪಾಲು ಬೆಳೆಯುತ್ತದೆ. ಅದಕ್ಕೇ ಶೇ. 7ಕ್ಕಿಂತ ಕಡಿದಾದ, 20 ನಿಮಿಷಕ್ಕಿಂತ ಉದ್ದದ, ನಡುವೆ ಇಳಿಜಾರಿಲ್ಲದ ಏರುಗಳನ್ನೇ ಆರಿಸಿಕೊಳ್ಳಬೇಕು. ನಡುವೆ ಒಂದೆರಡು ಕಿ.ಮೀ. ಸಪಾಟು ಇದ್ದರೆ ಇಡೀ ಏರಿನ ಸರಾಸರಿ ಹಾಕಬಾರದು. ಗಾಳಿಯ ತಡೆ ವೇಗದ ಘನದಂತೆ ಬೆಳೆಯುವುದರಿಂದ ಸರಾಸರಿ ವೇಗ ಹಾಕಿದರೆ ಉತ್ತರ ಯಾವಾಗಲೂ ಕಡಿಮೆ ಬರುತ್ತದೆ. ಅಂಥ ಏರನ್ನು ತುಂಡು ಮಾಡಿ, ತುಂಡು ತುಂಡಿಗೆ ಸಮಯ ಹಿಡಿದು ಲೆಕ್ಕ ಹಾಕಬೇಕು.

ಈಗ ಒಳಗೆ ಹಾಕುವ ಸಂಖ್ಯೆಗಳಿಗೆ ಬರೋಣ. ಸಮಯ ಸುಲಭ ಅನ್ನಿಸುತ್ತದೆ, ಆದರೆ ಹಳೆಯ ದಾಖಲೆಗಳ ಜಗಳ ಬಹುಪಾಲು ಇಲ್ಲೇ ಇದೆ. ಫ್ರಾನ್ಸಿನ ಆಲ್ಪ್ ದ್ಯುಯೇಜ್ ಏರನ್ನು 13.8 ಕಿ.ಮೀ. ಎನ್ನುವ ಪಟ್ಟಿಗಳಿವೆ, ಊರ ಕಡೆಯಿಂದ ಹಿಡಿದು 14.5 ಕಿ.ಮೀ. ಎನ್ನುವ ಪಟ್ಟಿಗಳೂ ಇವೆ. ಕೆಳಗಿನ ಆ 700 ಮೀಟರ್ ಹೆಚ್ಚುಕಡಿಮೆ ಸಪಾಟು ರಸ್ತೆ. ಅದನ್ನು ಸೇರಿಸಿದ ಸಮಯವನ್ನು ಸೇರಿಸದ ಸಮಯದ ಪಕ್ಕದಲ್ಲಿಟ್ಟರೆ ಸುಮಾರು ಒಂದು ನಿಮಿಷದ ವ್ಯತ್ಯಾಸ ಸುಮ್ಮನೇ ಹುಟ್ಟುತ್ತದೆ. ಹಾಗಾಗಿ ಏರಿನ ಬುಡದಲ್ಲಿ ಕದಲದ ಗುರುತೊಂದನ್ನು ಹಿಡಿಯಿರಿ: ಸೇತುವೆಯ ಅಂಚು, ಕೂಡುರಸ್ತೆ, ಊರಿನ ಫಲಕ. ಸವಾರನ ಮುಂಗಾಲಿ ಅದನ್ನು ದಾಟಿದ ಕ್ಷಣವನ್ನು ವಿಡಿಯೊದಲ್ಲಿ ಹುಡುಕಿ. ನೇರ ಪ್ರಸಾರದ ನಡುವೆ ಮರುಪ್ರಸಾರದ ತುಣುಕು ಸೇರಿಕೊಂಡಿದ್ದರೆ ಗಡಿಯಾರ ಸುಳ್ಳು ಹೇಳುತ್ತದೆ. ಪರದೆಯ ಮೂಲೆಯ ಓಟದ ಗಡಿಯಾರವೊಂದನ್ನೇ ನಂಬಬೇಕು. ಜಿಪಿಎಸ್‌ನಿಂದ ತೋರಿಸುವ ಅಂತರದ ಸಂಖ್ಯೆ ತಡವಾಗಿ ಬರುವುದರಿಂದ ಅದನ್ನು ಬಳಸಬೇಡಿ. ಇಷ್ಟು ಮಾಡಿದರೆ 40 ನಿಮಿಷದ ಏರಿನಲ್ಲಿ 5 ಸೆಕೆಂಡಿನ ತಪ್ಪು ಉಳಿಯಬಹುದು. ಅದು ಬರೀ 1 ವ್ಯಾಟ್, ಚಿಂತೆ ಬೇಡ. 5 ನಿಮಿಷದ ಏರಿನಲ್ಲಾದರೆ ಅದೇ 5 ಸೆಕೆಂಡು ಶೇ. 1.7 ಆಗುತ್ತದೆ.

ಎತ್ತರ ನೇರವಾಗಿ ಉತ್ತರಕ್ಕೆ ತಗಲುತ್ತದೆ. ದೂರ ಅಷ್ಟಾಗಿ ತಗಲುವುದಿಲ್ಲ. ತಿರುವಿನ ಒಳಮೈ ಹಿಡಿದು ಹೋದವನಿಗೂ ಹೊರಮೈ ಹಿಡಿದವನಿಗೂ ಕ್ರಮಿಸಿದ ದೂರ ಬೇರೆ, ಏರಿದ ಎತ್ತರ ಒಂದೇ. ಆದ್ದರಿಂದ ಶೇಕಡಾ ಮತ್ತು ದೂರವನ್ನು ಗುಣಿಸಿ ಎತ್ತರ ತೆಗೆಯುವ ಬದಲು ಬುಡ ಮತ್ತು ತುದಿಯ ಎತ್ತರವನ್ನು ಸರ್ಕಾರಿ ಭೂನಕ್ಷೆಯಿಂದ ನೇರವಾಗಿ ತೆಗೆದುಕೊಳ್ಳಿ. ನಾನೂ ಮೇಲೆ ಗುಣಿಸಿಯೇ ತೆಗೆದೆ, ಅದು ಬೇಗ ತೋರಿಸಲಿಕ್ಕೆ. 10 ಮೀ. ತಪ್ಪಿದರೆ 3 ವ್ಯಾಟ್.

ತೂಕದ ವಿಷಯದಲ್ಲಿ ಬಹಳ ಜನ ತಪ್ಪು ಜಾಗದಲ್ಲಿ ತಲೆ ಕೆಡಿಸಿಕೊಳ್ಳುತ್ತಾರೆ. ಸವಾರ ನಿಜಕ್ಕೂ 65 ಕೆ.ಜಿ.ಯೋ 63 ಕೆ.ಜಿ.ಯೋ ಅಂತ ಪುಟಗಟ್ಟಲೆ ವಾದ ನಡೆಯುತ್ತದೆ. ಮೇಲಿನ ಲೆಕ್ಕದಲ್ಲಿ 63 ಹಾಕಿ ನೋಡಿ: ಒಟ್ಟು ಶಕ್ತಿ 455ರಿಂದ 444ಕ್ಕೆ ಇಳಿಯುತ್ತದೆ, ಆದರೆ ಕೆ.ಜಿ.ಗೆ ವ್ಯಾಟ್ 7.01ರಿಂದ 7.06 ಆಗುತ್ತದೆ ಅಷ್ಟೆ. ತೂಕ ಮೇಲೂ ಇದೆ, ಕೆಳಗೂ ಇದೆ, ಬಹುಪಾಲು ಹೊಡೆದುಹೋಗುತ್ತದೆ. ಸವಾರನದಲ್ಲದ ತೂಕ ಹಾಗಲ್ಲ. ಸೈಕಲ್, ಬಾಟಲಿಗಳ ಲೆಕ್ಕದಲ್ಲಿ ಬರೀ 1 ಕೆ.ಜಿ. ತಪ್ಪಿದರೆ 5.5 ವ್ಯಾಟ್, ಅಂದರೆ ಕೆ.ಜಿ.ಗೆ 0.08 ವ್ಯಾಟ್ ಅಲುಗುತ್ತದೆ. ಸವಾರನ ತೂಕದಲ್ಲಿ 2 ಕೆ.ಜಿ. ತಪ್ಪಿದ್ದಕ್ಕಿಂತ ಇದು ದೊಡ್ಡದು. ನಮ್ಮ ಎಪಿಎಂಸಿಯಲ್ಲಿ ತೊಗರಿ ತೂಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಖಾಲಿ ಚೀಲದ ತೂಕ ತಪ್ಪು ಹಿಡಿದರೆ ಕಾಳಿನ ಲೆಕ್ಕವೇ ಕೆಡುತ್ತದೆ.

ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದ ಪ್ರಕಾರ ಸೈಕಲ್ 6.8 ಕೆ.ಜಿ.ಗಿಂತ ಹಗುರ ಇರುವಂತಿಲ್ಲ. ಕೆಲವರು ಇದೇ ಸಂಖ್ಯೆಯನ್ನು ಹಾಕಿ ಮುಗಿಸುತ್ತಾರೆ. ಪೆಡಲು, ಕಂಪ್ಯೂಟರು, ಬಾಟಲಿ ಹಿಡಿಕೆ ಸೇರಿದ ಡಿಸ್ಕ್ ಬ್ರೇಕಿನ ಸೈಕಲ್ ಸಾಮಾನ್ಯವಾಗಿ 7ರಿಂದ 7.5 ಕೆ.ಜಿ. ಶೂ, ಹೆಲ್ಮೆಟ್, ಬಟ್ಟೆಗೆ ಒಂದು ಕೆ.ಜಿ.ಗಿಂತ ತುಸು ಹೆಚ್ಚು. ಅರ್ಧ ಲೀಟರಿನ ತುಂಬಿದ ಬಾಟಲಿ ಅರ್ಧ ಕೆ.ಜಿ.ಗಿಂತ ಜಾಸ್ತಿ. ಕೊನೆಯ ಏರಿನ ಬುಡದಲ್ಲಿ ಸವಾರರು ಬಾಟಲಿ ಎಸೆಯುವುದನ್ನು ಗಮನಿಸಿದರೆ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ.

ಇನ್ನು ಗಾಳಿ. ಈ ಇಡೀ ವಿದ್ಯೆಯ ನೋವು ಇರುವುದು ಇಲ್ಲಿಯೇ, ಅದಕ್ಕೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಸೆಕೆಂಡಿಗೆ 1 ಮೀಟರ್ ಗಾಳಿ ಅಂದರೆ ಗಂಟೆಗೆ 3.6 ಕಿ.ಮೀ.; ಮುಖಕ್ಕೆ ತಾಗಿದರೂ ಗೊತ್ತಾಗುವುದೇ ಕಷ್ಟ. ಅದು ಹಿಂದಿನಿಂದ ಬೀಸಿದರೆ ಗಾಳಿಯ ತಡೆ 47ರಿಂದ 34 ವ್ಯಾಟ್‌ಗೆ ಇಳಿಯುತ್ತದೆ. ಎದುರಿನಿಂದ ಬೀಸಿದರೆ 62ಕ್ಕೆ ಏರುತ್ತದೆ. ಮರದ ಎಲೆ ಅಲುಗುವುದೂ ಕಷ್ಟವಾದ ಗಾಳಿಗೆ ಉತ್ತರ ಶೇ. 3ರಷ್ಟು, ಕೆ.ಜಿ.ಗೆ ಸುಮಾರು 0.2 ವ್ಯಾಟ್ ಆಚೀಚೆ ಆಗುತ್ತದೆ. ಗಾಳಿ ಸೆಕೆಂಡಿಗೆ 3 ಮೀ. ಇದ್ದ ದಿನ ಏನಾಗಬಹುದು ಅಂತ ನೀವೇ ಹಾಕಿ ನೋಡಿ.

ಹವಾಮಾನ ಕೇಂದ್ರದ ಸಂಖ್ಯೆ ಇದೆಯಲ್ಲ ಅನ್ನಬಹುದು. ಆ ಮಾಪಕ ನೆಲದಿಂದ 10 ಮೀ. ಎತ್ತರದಲ್ಲಿರುತ್ತದೆ, ಸವಾರನ ಎದೆ ನೆಲದಿಂದ ಸುಮಾರು 1 ಮೀ. ಮೇಲೆ. ಬಯಲು ಹುಲ್ಲುಗಾವಲಿನಲ್ಲೂ 1 ಮೀ. ಎತ್ತರದಲ್ಲಿ ಗಾಳಿ 10 ಮೀ. ಎತ್ತರದ ಗಾಳಿಯ ಶೇ. 60ರಷ್ಟೇ, ಕಾಡಿನ ನಡುವಿನ ರಸ್ತೆಯಲ್ಲಿ ಇನ್ನೂ ಕಡಿಮೆ. ಜೊತೆಗೆ ಕಣಿವೆ ಗಾಳಿಯನ್ನು ತನ್ನ ದಿಕ್ಕಿಗೆ ತಿರುಗಿಸಿಕೊಳ್ಳುತ್ತದೆ, ಬಿಸಿಲೇರಿದ ಮಧ್ಯಾಹ್ನ ಅದು ಬುಡದಿಂದ ತುದಿಯ ಕಡೆ ಬೀಸುವುದು ಸಾಮಾನ್ಯ. ಹಂತಗಳು ಮುಗಿಯುವುದೂ ಅದೇ ಹೊತ್ತಿಗೆ. ಹಾಗಾಗಿ 'ಗಾಳಿ ಸೊನ್ನೆ' ಅಂತ ಹಾಕುವುದು ನಡುಪಂಥ ಅಲ್ಲ. ಎಷ್ಟೋ ಕಣಿವೆಗಳಲ್ಲಿ ಅದು ಸವಾರನಿಗೆ ಇಲ್ಲದ ಶಕ್ತಿಯನ್ನು ಕೊಟ್ಟುಬಿಡುತ್ತದೆ.

ಏರಿನ ಆಕಾರವೂ ಮುಖ್ಯ. ಆಲ್ಪ್ ದ್ಯುಯೇಜ್‌ನಲ್ಲಿ 21 ತಿರುವುಗಳಿವೆ, ರಸ್ತೆ ಪದೇಪದೇ ದಿಕ್ಕು ಬದಲಿಸುತ್ತದೆ, ಎದುರುಗಾಳಿ ಮತ್ತು ಹಿಂಗಾಳಿ ಸರದಿಯಲ್ಲಿ ಬರುತ್ತವೆ. ಪೂರ್ತಿ ಹೊಡೆದುಹೋಗುವುದಿಲ್ಲ, ಎದುರುಗಾಳಿಯ ನಷ್ಟ ಹಿಂಗಾಳಿಯ ಲಾಭಕ್ಕಿಂತ ತುಸು ಹೆಚ್ಚು, ಆದರೆ ಸೆಕೆಂಡಿಗೆ 1 ಮೀ. ಗಾಳಿಗೆ ಉಳಿಯುವುದು ಒಂದು ವ್ಯಾಟ್ ಆಸುಪಾಸು ಮಾತ್ರ. ಫ್ರಾನ್ಸಿನದೇ ಮಾಂ ವಾಂತೂ ಬೆಟ್ಟ ಇದಕ್ಕೆ ಪೂರಾ ಉಲ್ಟಾ. ದಾರಿಯಲ್ಲಿನ ಶಲೆ ರೆನಾರ್ ಎಂಬ ತಾಣ ದಾಟಿದ ಮೇಲೆ ಅಲ್ಲಿ ಮರಗಳೇ ಇಲ್ಲ, ಬೋಳು ಕಲ್ಲಿನ ಬೆಟ್ಟ. 2016ರ ಜುಲೈ 14ರಂದು ತುದಿಯಲ್ಲಿ ಗಾಳಿ ಎಷ್ಟು ಜೋರಾಗಿತ್ತೆಂದರೆ ಹಂತವನ್ನು ಶಲೆ ರೆನಾರ್‌ನಲ್ಲೇ ಮುಗಿಸಿದರು. ಮಾಂ ವಾಂತೂ ಸಮಯಗಳಿಂದ ವ್ಯಾಟ್ ತೆಗೆದು ವರ್ಷದಿಂದ ವರ್ಷಕ್ಕೆ ಹೋಲಿಸುವವರನ್ನು ನಾನು ನಂಬುವುದಿಲ್ಲ.

ಇನ್ನೊಬ್ಬರ ಹಿಂದೆ ಅಂಟಿಕೊಂಡು ಹೋಗುವುದು ಗಾಳಿಯ ಲೆಕ್ಕದ ಇನ್ನೊಂದು ಮುಖ. ಏರಿನಲ್ಲಿ ವೇಗ ಕಡಿಮೆ, ಡ್ರಾಫ್ಟಿಂಗ್ ಲಾಭ ಇಲ್ಲ ಅನ್ನುವ ಮಾತು ಹಳೆಯದು. ಗಂಟೆಗೆ 24 ಕಿ.ಮೀ.ಗೆ ಅದು ಸುಳ್ಳು. ಅವತ್ತು ಪ್ಲಾತೊ ದ ಬೇಯ್‌ನಲ್ಲಿ ಮೊದಲು ಎದುರಾಳಿ ಯೊನಾಸ್ ವಿಂಗೆಗೋರ್ ಅವರ ತಂಡದವರು ವೇಗ ಹಿಡಿದರು, ಆಮೇಲೆ ಖುದ್ದು ವಿಂಗೆಗೋರ್ ದಾಳಿ ಮಾಡಿದರು, ಪೊಗಾಚಾರ್ ವಿಂಗೆಗೋರ್ ಅವರ ಗಾಲಿ ಹಿಡಿದೇ ಕೂತಿದ್ದು ಕೊನೆಯ ಐದು ಚಿಲ್ಲರೆ ಕಿ.ಮೀ. ಉಳಿದಾಗ ಒಬ್ಬರೇ ಮುಂದೆ ಹೋದರು. ಅಂದರೆ ಏರಿನ ಮೂರರಲ್ಲಿ ಎರಡು ಪಾಲು ಬೇರೆಯವರ ಹಿಂದೆ. ಆ ಭಾಗದಲ್ಲಿ ಗಾಳಿಯ ತಡೆ ಶೇ. 30ರಷ್ಟು ಕಡಿಮೆಯಾಯಿತು ಎಂದು ಹಿಡಿದರೆ ಇಡೀ ಏರಿನ ಸರಾಸರಿಯಲ್ಲಿ 9 ವ್ಯಾಟ್ ಕಡಿಮೆ. ಉತ್ತರ 446 ವ್ಯಾಟ್‌ಗೆ, ಕೆ.ಜಿ.ಗೆ 6.86ಕ್ಕೆ ಬಂತು. ಹೀಗಾಗಿ ಇಡೀ ಏರನ್ನು ಮತ್ತೆ ನೋಡುತ್ತಾ, ಯಾವ ಕಿ.ಮೀ.ನಲ್ಲಿ ಯಾರ ಹಿಂದೆ ಎಷ್ಟು ದೂರದಲ್ಲಿದ್ದ ಅಂತ ಕಾಗದದ ಮೇಲೆ ಗುರುತು ಹಾಕಿಕೊಳ್ಳುವುದು ಬೇಸರದ ಕೆಲಸವಾದರೂ ಬಿಡುವಂತಿಲ್ಲ.

ಟೈರಿನ ಗುಣಾಂಕದ ಬಗ್ಗೆ ಚುಟುಕಾಗಿ. 0.001 ವ್ಯತ್ಯಾಸಕ್ಕೆ ಇಲ್ಲಿ ಸುಮಾರು 5 ವ್ಯಾಟ್. ಒಂದೇ ದಿನದ ಇಬ್ಬರು ಸವಾರರನ್ನು ಹೋಲಿಸುವಾಗ ಇದು ದೊಡ್ಡದಲ್ಲ. 1998ಕ್ಕೂ 2024ಕ್ಕೂ ಹೋಲಿಸುವಾಗ ದೊಡ್ಡದು. ಆಗ ಅಗಲ ಕಡಿಮೆಯ, ಗಾಳಿ ಗಟ್ಟಿಯಾಗಿ ತುಂಬಿದ ಟೈರುಗಳು. ಈಗ 28-30 ಮಿ.ಮೀ. ಅಗಲದ ಟ್ಯೂಬ್‌ಲೆಸ್. ರಸ್ತೆಗೂ ನಡುವೆ ಹೊಸ ಡಾಂಬರು ಬಿದ್ದಿರಬಹುದು. ಎರಡೂ ಕಾಲಕ್ಕೆ ಒಂದೇ ಗುಣಾಂಕ ಹಾಕಿದರೆ ಟೈರು ಉಳಿಸಿದ ಶಕ್ತಿ ಸವಾರನ ಕಾಲಿನ ಲೆಕ್ಕಕ್ಕೆ ಜಮೆ ಆಗುತ್ತದೆ.

ಈಗ ತಪ್ಪುಗಳನ್ನೆಲ್ಲ ಒಟ್ಟು ಮಾಡೋಣ. ಗಾಳಿಯಿಂದ 15 ವ್ಯಾಟ್, ಡ್ರಾಫ್ಟಿಂಗ್ ಅಂದಾಜಿನಿಂದ 6, ಟೈರಿನಿಂದ 5, ಸಿಡಿಎಯಿಂದ 4, ಎತ್ತರದಿಂದ 3, ಸಲಕರಣೆಯ ತೂಕ ಅರ್ಧ ಕೆ.ಜಿ. ತಪ್ಪಿದರೆ 3, ಸಮಯದಿಂದ 1. ಇವು ಒಂದಕ್ಕೊಂದು ಸಂಬಂಧವಿಲ್ಲದ ತಪ್ಪುಗಳಾದ್ದರಿಂದ ಸುಮ್ಮನೆ ಕೂಡಿಸುವುದಿಲ್ಲ. ಒಂದೊಂದರ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯುತ್ತೇವೆ. 18 ವ್ಯಾಟ್ ಬರುತ್ತದೆ. ಹಾಗಾಗಿ ನಮ್ಮ ಉತ್ತರ 446, ಹೆಚ್ಚು-ಕಡಿಮೆ 18. ಕೆ.ಜಿ. ಲೆಕ್ಕದಲ್ಲಿ 6.6ರಿಂದ 7.1. ಒಬ್ಬ ವಿಶ್ಲೇಷಕ 6.8 ಎಂದು, ಇನ್ನೊಬ್ಬ 6.9 ಎಂದು ಕಿತ್ತಾಡುವುದಕ್ಕೆ ಇಲ್ಲಿ ಜಾಗವೇ ಇಲ್ಲ. ಇನ್ನೊಂದು ಗಮನಿಸಿ: ವರ್ಗಗಳ ಮೊತ್ತದಲ್ಲಿ ಶೇ. 70 ಗಾಳಿಯೊಂದರದ್ದೇ. ಉಳಿದದ್ದನ್ನೆಲ್ಲ ಎಷ್ಟು ನಯ ಮಾಡಿದರೂ ಗಾಳಿ ತಿಳಿಯದೆ ಉತ್ತರ ಬಿಗಿಯಾಗುವುದಿಲ್ಲ.

ಗಾಳಿಯನ್ನು ತಿಳಿಯಲು ಇರುವ ಒಳ್ಳೆಯ ದಾರಿ ಎಂದರೆ ಇತರ ಸವಾರರು. ಅದೇ ಹಂತದಲ್ಲಿ ಹಿಂದೆ ಬಿದ್ದ ಹಲವರು ತಮ್ಮ ಪವರ್ ಮೀಟರ್ ದಾಖಲೆಯನ್ನು ಸ್ಟ್ರಾವಾ ಎಂಬ ಸವಾರರ ಜಾಲತಾಣದಲ್ಲಿ ಹಾಕುತ್ತಾರೆ. 70 ಕೆ.ಜಿ.ಯ ಒಬ್ಬ ಸವಾರ ಅದೇ ಏರನ್ನು ಒಬ್ಬನೇ 44 ನಿಮಿಷದಲ್ಲಿ ಹತ್ತಿದ ಎಂದು ಭಾವಿಸಿ. ಗಾಳಿ ಸೊನ್ನೆ ಎಂದು ಹಾಕಿದರೆ ನಮ್ಮ ಸೂತ್ರ ಅವನಿಗೆ 431 ವ್ಯಾಟ್ ಹೇಳುತ್ತದೆ. ಅವನ ಮೀಟರ್ 420 ತೋರಿಸಿದರೆ ಆ ವ್ಯತ್ಯಾಸ ತುಂಬಲು ಸೆಕೆಂಡಿಗೆ 1 ಮೀ. ಹಿಂಗಾಳಿ ಬೇಕಾಗುತ್ತದೆ. ಆ ಗಾಳಿಯನ್ನು ಮುಂಚೂಣಿಯವನ ಲೆಕ್ಕಕ್ಕೆ ಹಾಕಿದರೆ 446 ಹೋಗಿ 435 ಆಗುತ್ತದೆ, ಕೆ.ಜಿ.ಗೆ 6.7. ಒಬ್ಬನನ್ನೇ ನಂಬಬೇಡಿ. ಮೀಟರಿನಲ್ಲೇ ಶೇ. 1-2 ತಪ್ಪಿರುತ್ತದೆ. ಒಂದೇ ಕಾಲಿನ ಮೀಟರ್ ಎಡಗಾಲಿನ ಶಕ್ತಿಯನ್ನು ಎರಡರಿಂದ ಗುಣಿಸಿ ತೋರಿಸುತ್ತದೆ, ಎಡಬಲ ಸಮ ಇಲ್ಲದವನಿಗೆ ಅದು ತಪ್ಪು. ತಾಪಮಾನ ಬದಲಾದಾಗ ಸೊನ್ನೆ ಸರಿಪಡಿಸದ ಮೀಟರ್ ಇಡೀ ದಿನ ಒಂದೇ ಕಡೆ ವಾಲುತ್ತದೆ. ನಾಲ್ಕೈದು ಜನರದ್ದು ತೆಗೆದು ನಡುವಿನ ಬೆಲೆ ಹಿಡಿಯಿರಿ.

ಸಂಖ್ಯೆ ಸಿಕ್ಕ ಮೇಲೆ ಅದರಿಂದ ಏನು ಹೇಳಬಹುದು? ಫ್ರಾನ್ಸಿನ ಆಂತ್ವಾನ್ ವಾಯೆ ಮತ್ತು ಫ್ರೆದರಿಕ್ ಪೋರ್ತೊಲೊ ಎಲ್ಲ ಸವಾರರನ್ನೂ 70 ಕೆ.ಜಿ. ದೇಹ, 8 ಕೆ.ಜಿ. ಸೈಕಲ್ ಎಂಬ ಒಂದೇ ಅಳತೆಗೆ ತಂದು, 410 ವ್ಯಾಟ್ ಮೀರಿದರೆ ಅನುಮಾನ, 430 ಮೀರಿದರೆ ಪವಾಡ ಎಂದು ಗೆರೆಗಳನ್ನು ಎಳೆದರು. ಹೋಲಿಕೆಗೆ ಒಂದೇ ಅಳತೆ ಇಟ್ಟದ್ದು ಒಳ್ಳೆಯ ಕೆಲಸ. ಆದರೆ ಶೇ. 4 ತಪ್ಪು ಇರುವ ಅಂದಾಜಿನ ಮೇಲೆ 20 ವ್ಯಾಟ್ ಅಂತರದ ಗೆರೆಗಳು ನಿಲ್ಲುವುದಿಲ್ಲ. ಆರ್ಮ್‌ಸ್ಟ್ರಾಂಗ್ ಅವರ ಟೂರ್ ಗೆಲುವುಗಳು 2012ರಲ್ಲಿ ರದ್ದಾದದ್ದು ಸಾಕ್ಷಿಗಳ ಹೇಳಿಕೆ ಮತ್ತು ದಾಖಲೆಗಳ ಬಲದಿಂದ. ಬ್ಯಾರ್ನೆ ರೀಸ್ 1996ರ ಟೂರ್ ಗೆಲುವಿನ ಕಾಲದಲ್ಲಿ ಇಪಿಒ ಎಂಬ ಉದ್ದೀಪನ ಮದ್ದು ಬಳಸಿದ್ದನ್ನು 2007ರಲ್ಲಿ ತಾವೇ ಒಪ್ಪಿಕೊಂಡರು. ವ್ಯಾಟ್ ಲೆಕ್ಕ ಅನುಮಾನಕ್ಕೆ ಕಾರಣ ಆಗಬಹುದು, ಯಾರನ್ನು ಪರೀಕ್ಷಿಸಬೇಕು ಎಂದು ತೋರಿಸಬಹುದು. ಒಬ್ಬನನ್ನು ತಪ್ಪಿತಸ್ಥ ಅನ್ನುವ ಹಕ್ಕೂ ಅದಕ್ಕಿಲ್ಲ, ನಿರಪರಾಧಿ ಅನ್ನುವ ಹಕ್ಕೂ ಇಲ್ಲ. ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ, ಯಾಕೆಂದರೆ ಆ ಕಡೆ ಇರುವುದು ಒಬ್ಬ ಮನುಷ್ಯನ ಹೆಸರು.

ಹೋಲಿಸುವಾಗ ಅವಧಿಯನ್ನೂ ನೋಡಬೇಕು. 20 ನಿಮಿಷಕ್ಕೆ ಕೆ.ಜಿ.ಗೆ 6.5 ವ್ಯಾಟ್ ಬೇರೆ, 40 ನಿಮಿಷಕ್ಕೆ 6.5 ಬೇರೆ, ಐದು ಗಂಟೆ ತುಳಿದ ಮೇಲಿನ 6.5 ಇನ್ನೂ ಬೇರೆ. ಎತ್ತರವೂ ಹಾಗೆಯೇ: 2,642 ಮೀ. ಎತ್ತರದ ಗಾಲಿಬಿಯೇ ಘಾಟಿಯ ಮೇಲೆ ಆಮ್ಲಜನಕ ಕಡಿಮೆ, ಅಲ್ಲಿನ 5.8 ಕೆಳಗಿನ 6.3ಕ್ಕೆ ಸಮ ಇರಬಹುದು.

ಗಾಳಿಯ ಸಾಂದ್ರತೆ ನಮ್ಮ ಊರಿಗೂ ಸಂಬಂಧಪಟ್ಟ ವಿಷಯ. ಒತ್ತಡವನ್ನು ಪಾಸ್ಕಲ್‌ನಲ್ಲಿ ತೆಗೆದುಕೊಂಡು, ತಾಪಮಾನಕ್ಕೆ 273 ಕೂಡಿಸಿ 287ರಿಂದ ಗುಣಿಸಿದ ಸಂಖ್ಯೆಯಿಂದ ಭಾಗಿಸಿ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀ. ಮೇಲಿದೆ, ಒತ್ತಡ 960 ಹೆಕ್ಟೊಪಾಸ್ಕಲ್ ಆಸುಪಾಸು. ಮೇ ತಿಂಗಳ 42 ಡಿಗ್ರಿಗೆ ಸಾಂದ್ರತೆ 1.06 ಬರುತ್ತದೆ. ಯುರೋಪಿನಲ್ಲಿ 1,500 ಮೀ. ಎತ್ತರದ ತಂಪು ಬೆಟ್ಟದ ಮೇಲೂ ಇಷ್ಟೇ. ನಮ್ಮ ಬಿಸಿಲಿನಲ್ಲಿ ಗಾಳಿಯ ತಡೆ ಆಲ್ಪ್ಸ್‌ನಷ್ಟೇ ಕಡಿಮೆ, ದೇಹ ಆ ಸೆಕೆಗೆ ಕೊಡುವ ಬೆಲೆ ಮಾತ್ರ ಬೇರೆ ಲೆಕ್ಕ.

ಉಪನ್ಯಾಸದ ನಂತರ ಒಬ್ಬ ವಿದ್ಯಾರ್ಥಿ ಕೇಳಿದ: "ಸರ್, ನಮ್ ಕಡಿ ಇಂಥ ಏರೇ ಇಲ್ರಿ. ಮತ್ತ ನಾವು ಇದನ್ನ ಎಲ್ಲಿ ಮಾಡಿ ನೋಡ್ಬೇಕು?"

ಒಳ್ಳೆಯ ಪ್ರಶ್ನೆ. ಕಮಲಾಪುರ ದಾಟಿ ಹುಮನಾಬಾದ್ ಕಡೆ ಹೋಗುವ ದಾರಿಯಲ್ಲೋ ಚಿಂಚೋಳಿ ಕಡೆಯೋ 2 ಕಿ.ಮೀ. ಉದ್ದದ, 60 ಮೀ. ಏರಿಕೆಯ ಒಂದು ದಿನ್ನಿ ಆರಿಸಿಕೊಂಡಿರಿ ಎಂದುಕೊಳ್ಳೋಣ. 70 ಕೆ.ಜಿ. ಸವಾರ, 10 ಕೆ.ಜಿ. ಸೈಕಲ್ ಮತ್ತು ಸಾಮಾನು, ಸಮಯ 5 ನಿಮಿಷ. ಗುರುತ್ವಕ್ಕೆ 157 ವ್ಯಾಟ್. ನಮ್ಮ ಒರಟು ಜಲ್ಲಿ-ಡಾಂಬರಿಗೆ ಗುಣಾಂಕ 0.006 ಹಾಕಿದರೆ 31. ಗಾಳಿಗೆ 59. ಚೈನಿನ ನಷ್ಟ ಸೇರಿ ಸುಮಾರು 255 ವ್ಯಾಟ್. ಗುರುತ್ವದ ಪಾಲು ಶೇ. 64ಕ್ಕೆ ಇಳಿಯಿತು, ಆದ್ದರಿಂದ ಎಲ್ಲ ತಪ್ಪೂ ದೊಡ್ಡದಾಗುತ್ತದೆ. ಸೆಕೆಂಡಿಗೆ 1 ಮೀ. ಗಾಳಿಗೇ ಶೇ. 7. ಬೆಳಗಿನ ಜಾವ, ಬಾವುಟ ಅಲುಗದ ಹೊತ್ತಿನಲ್ಲಿ ಮಾತ್ರ ಅಳೆಯಿರಿ.

ಎತ್ತರ 6 ಮೀ. ತಪ್ಪಿದರೆ 16 ವ್ಯಾಟ್. 20 ಮೀ. ಅಂತರದ ಸಮೋನ್ನತಿ ರೇಖೆಯ ನಕ್ಷೆಯಿಂದ ಇಷ್ಟು ಚಿಕ್ಕ ದಿನ್ನಿಯ ಎತ್ತರ ಸಿಗುವುದಿಲ್ಲ, ಫೋನಿನ ಜಿಪಿಎಸ್ ಎತ್ತರ ಅದಕ್ಕಿಂತ ಕೆಟ್ಟದ್ದು. ಒತ್ತಡ ಮಾಪಕ ಇರುವ ಸೈಕಲ್ ಕಂಪ್ಯೂಟರಿನಲ್ಲಿ ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ ನಾಲ್ಕೈದು ಸಲ ಅಳೆದು ಸರಾಸರಿ ತೆಗೆಯಿರಿ. ನಮ್ಮ ಅಕ್ಷಾಂಶದಲ್ಲಿ ಬೆಳಗಿನ 10ರಿಂದ ಸಂಜೆ 4ರೊಳಗೆ ವಾತಾವರಣದ ಒತ್ತಡ ತಾನಾಗಿಯೇ 3-4 ಹೆಕ್ಟೊಪಾಸ್ಕಲ್ ಇಳಿಯುತ್ತದೆ. ಕಂಪ್ಯೂಟರ್ ಅದನ್ನು 30 ಮೀ. ಏರಿದೆ ಎಂದು ತಿಳಿಯುತ್ತದೆ. ಅದಕ್ಕೆ ಬುಡದ ಅಳತೆಗೂ ತುದಿಯ ಅಳತೆಗೂ ನಡುವೆ ಚಹಾ ಕುಡಿಯುತ್ತಾ ಕೂರಬಾರದು.

ವೇಗವಾಗಿ ಬಂದು ದಿನ್ನಿ ಹತ್ತುವುದೂ ಲೆಕ್ಕ ಕೆಡಿಸುತ್ತದೆ. ಗಂಟೆಗೆ 36 ಕಿ.ಮೀ. ವೇಗದಲ್ಲಿ ಬುಡ ದಾಟಿ 18ರಲ್ಲಿ ತುದಿ ಮುಟ್ಟಿದರೆ 3,000 ಜೂಲ್ ಚಲನಶಕ್ತಿ ಏರಿಗೆ ಖರ್ಚಾಗಿರುತ್ತದೆ. 300 ಸೆಕೆಂಡಿಗೆ ಹಂಚಿದರೆ 10 ವ್ಯಾಟ್, ನಿಮ್ಮ ಕಾಲಿನಿಂದ ಬಾರದ್ದು. ಪ್ಲಾತೊ ದ ಬೇಯ್‌ನಂಥ ಏರಿನಲ್ಲಿ ಇದು ಸುಮಾರು 1 ವ್ಯಾಟ್‌ಗೆ ಮುಗಿಯುತ್ತದೆ. ತುದಿ ಮುಟ್ಟುವ ವೇಗದಲ್ಲೇ ಬುಡವನ್ನೂ ದಾಟಿ, ಇದು ಇಲ್ಲವಾಗುತ್ತದೆ.

ಹತ್ತು ಸಲ ಹತ್ತಿದರೆ ಸಮಯದ ತಪ್ಪು, ಗಾಳಿಯ ಏರಿಳಿತ ಕಡಿಮೆಯಾಗುತ್ತವೆ. ಎತ್ತರದ ತಪ್ಪು, ಟೈರಿನ ಗುಣಾಂಕದ ತಪ್ಪು ಎಷ್ಟು ಸಲ ಹತ್ತಿದರೂ ಹಾಗೇ ಉಳಿಯುತ್ತವೆ. ಹಾಗಾಗಿ ಈ ದಿನ್ನಿಯಿಂದ ನಿಮ್ಮ ವ್ಯಾಟ್ ಇಷ್ಟೇ ಎಂದು ಹೇಳಿಕೊಳ್ಳಲಿಕ್ಕೆ ಆಗುವುದಿಲ್ಲ. ಆದರೆ ಅದೇ ಸೈಕಲ್, ಅದೇ ಟೈರು, ಅದೇ ಗಾಳಿ ಒತ್ತಡ, ಅದೇ ಬೆಳಗಿನ ಹೊತ್ತು ಇಟ್ಟುಕೊಂಡರೆ ಜನವರಿಗೂ ಮಾರ್ಚಿಗೂ ನಿಮ್ಮ ಶಕ್ತಿ ಎಷ್ಟು ಬದಲಾಯಿತು ಅನ್ನುವುದು ಸಿಗುತ್ತದೆ. ಉಳಿದುಹೋದ ತಪ್ಪುಗಳು ಎರಡೂ ಕಡೆ ಒಂದೇ ಇರುತ್ತವೆ. ತಾಪಮಾನ ಮಾತ್ರ ಎರಡೂ ಸಲ ಬರೆದಿಟ್ಟುಕೊಳ್ಳಿ. 15 ಡಿಗ್ರಿಯ ಬೆಳಗಿಗೂ 27 ಡಿಗ್ರಿಯ ಬೆಳಗಿಗೂ ಗಾಳಿಯ ಸಾಂದ್ರತೆ ಶೇ. 4 ಬದಲಾಗುತ್ತದೆ, ಇಲ್ಲಿ ಅದು ಎರಡೂವರೆ ವ್ಯಾಟ್.